ಗಂಟೆ ತಾತನ ತುಟಿ

ಹರಿಯುವ ನೀರು, ಬೀಸುವ ಗಾಳಿ, ಗಂಟೆ ತಾತನ ತುಟಿ: ಈ ಮೂರೂ ನಿಂತ ದಿನ ಪ್ರಳಯ ಖಂಡಿತ ಎಂಬುದು ಆ ಕಾಲೇಜಿನ ನಂಬಿಕೆ. ವರಾಂಡದಲ್ಲಿ ತೂಗುಹಾಕಿದ ಕಬ್ಬಿಣದ ತುಂಡಿಗೆ ಸರಳಿನಿಂದ ಬಡಿದು ತರಗತಿಗಳನ್ನು ಶುರು ಮಾಡಿಸುವುದು, ಮುಗಿಸುವುದು ತಾತನ ಕೆಲಸ. ಬಡಿಯುವಾಗಲೂ, ಸ್ಟೂಲಿನ ಮೇಲೆ ತೂಕಡಿಸುವಾಗಲೂ ಆತನ ತುಟಿ ಪಿಟಿಪಿಟಿ ಆಡುತ್ತಲೇ ಇರುತ್ತಿತ್ತು. ಸದ್ದು ಮಾತ್ರ ಇಲ್ಲ. ಕಾಮರ್ಸ್ ಹುಡುಗರು, ತಾತ ಗುಹೆಯಲ್ಲಿ ತಪಸ್ಸು ಮಾಡಿ ಮಂತ್ರ ಪಡೆದವನೆಂದರು. ವಿಜ್ಞಾನದವರು ಗುಹೆಯನ್ನು ನಂಬಲಿಲ್ಲ, ಮಂತ್ರವನ್ನು ನಂಬಿದರು. ಒಮ್ಮೆ ಬೆಂಚು ಜಾರಿ ಕಾಲಿನ ಮೇಲೆ ಬಿದ್ದಾಗಲೂ ತಾತ ‘ಅಯ್ಯೋ’ ಎನ್ನಲಿಲ್ಲ. ತುಟಿ ಬಿಗಿದು ಕಣ್ಣು ಮುಚ್ಚಿಕೊಂಡ, ಅಷ್ಟೆ. ಅಲ್ಲಿಗೆ ಆತನ ಕೀರ್ತಿ ಕ್ಯಾಂಟೀನು ದಾಟಿ ಹೆಣ್ಣುಮಕ್ಕಳ ಹಾಸ್ಟೆಲ್ ಮುಟ್ಟಿತು.

ಆ ಹಾಸ್ಟೆಲ್ಲಿನಲ್ಲಿ, ಪರೀಕ್ಷೆ ಎಂದರೆ ಕೈ ನಡುಗುವ ಕೊನೆಯ ವರ್ಷದ ಹುಡುಗಿಯೊಬ್ಬಳಿದ್ದಳು. ಒಂದು ದಿನ ಅವಳು ತಾತನ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು, ಕಣ್ಣು ಮುಚ್ಚಿ, ಉಸಿರೆಳೆದು ಮೆಲ್ಲಗೆ ‘ಓಂ’ ಎಂದಳು. ಮತ್ತೆ ಮತ್ತೆ ಎಂದಳು. ಕೈಯ ನಡುಕ ನಿಂತಿತು. ಮರುದಿನ ಗೆಳತಿಯರು ಬಂದರು. ಯಾರೂ ಯಾರನ್ನೂ ಕರೆದಿರಲಿಲ್ಲ. ಬೇಕಾದವರು ಬರುತ್ತಿದ್ದರು, ಸಾಕೆನಿಸಿದಾಗ ಎದ್ದು ಹೋಗುತ್ತಿದ್ದರು.

ಇದು ಪ್ರಿನ್ಸಿಪಾಲರ ಕಣ್ಣಿಗೆ ಬಿತ್ತು. ಅವರ ಕಣ್ಣಿಗೆ ಬಿದ್ದದ್ದೆಲ್ಲ ಕಡ್ಡಾಯವಾಗುತ್ತಿತ್ತು. ‘ಒತ್ತಡ ನಿವಾರಣಾ ಮಂತ್ರ ಪಠಣ’ ಎಂದು ನೋಟಿಸು ಬೋರ್ಡಿಗೇರಿತು. ತಪ್ಪಿಸಿಕೊಂಡವರಿಗೆ ಹಾಲ್ ಟಿಕೆಟ್ ಇಲ್ಲ. ಮನಸ್ಸು ಚಂಚಲವಾಗದಂತೆ ಎಲ್ಲರ ಫೋನೂ ಹೊರಗೆ ಟ್ರಂಕಿನಲ್ಲಿ. ಮಾದರಿಯಾಗಲೆಂದು ಪ್ರಿನ್ಸಿಪಾಲರದೂ ಅಲ್ಲೇ. ಯಾರೂ ನುಣುಚಿಕೊಳ್ಳದಂತೆ ಸಭಾಂಗಣಕ್ಕೆ ಹೊರಗಿನಿಂದ ಬೀಗ.

“ಒಳಗಿಂದ ಏನೇ ಸದ್ದು ಬಂದ್ರೂ ಅದು ಮಂತ್ರ ಅಂದ್ಕೋ,” ಎಂದು ಅವರು ವಾಚ್‌ಮನ್‌ಗೆ ಹೇಳಿದರು. “ಗಂಟೆ ಹೊಡೆಯೋವರೆಗೂ ಬೀಗ ಮುಟ್ಟಬೇಡ.”

“ಪ್ರಾಣ ಹೋದ್ರೂ ಮುಟ್ಟಲ್ಲ ಸಾರ್.”

ಗುರುಪೀಠಕ್ಕೆ ಯಾರು? ಇನ್ಯಾರು, ತಾತ. ಬಾಯಿಗೆ ಅಂಗೈ ಅಡ್ಡ ಹಿಡಿದು, “ಸಾರ್, ನನಗೆ ಯಾವ ಮಂತ್ರಾನೂ...” ಎಂದು ಶುರು ಮಾಡಿದ.

“ದೊಡ್ಡವರು ಹೀಗೇ ಹೇಳೋದು,” ಎಂದು ಪ್ರಿನ್ಸಿಪಾಲರು ಅವನನ್ನು ಮೆತ್ತನೆಯ ಕುರ್ಚಿಗೆ ಒತ್ತಿ ಕೂರಿಸಿಯೇಬಿಟ್ಟರು.

ಪಠಣ ಶುರುವಾಗುವ ಮೊದಲೇ ತಾತನ ಬಾಳು ಬೋನಿಗೆ ಬಿತ್ತು. ಬೆನ್ನು ಕೆರೆದುಕೊಂಡರೆ ಅದೊಂದು ಮುದ್ರೆ. ಸೀನು ತಡೆದುಕೊಂಡರೆ ಸಮಾಧಿ. ತಪ್ಪೊಪ್ಪಿಕೊಳ್ಳಲು ಹೋದರೆ ವಿನಯ. ಮನೆಯಲ್ಲಿ ಹೆಂಡತಿ, “ಲೋಕಕ್ಕೆಲ್ಲ ಗುರುಗಳಂತೆ! ತರಕಾರಿ ತರೋಕೆ ಮಾತ್ರ ನೆನಪಿಲ್ಲ,” ಎಂದು ಚೀಲ ಕೈಗಿಟ್ಟಳು. ಆ ಚೀಲದಷ್ಟು ನೆಮ್ಮದಿ ಆತನಿಗೆ ಬೇರೆಲ್ಲೂ ಸಿಗಲಿಲ್ಲ.

ಪಠಣದ ಮೊದಲ ದಿನವೇ ಆ ಹುಡುಗಿಗೆ ವೈವಾ. ಹಿಂದಿನ ಸಲ ಜ್ವರ ಬಂದು ತಪ್ಪಿತ್ತು. ಈ ಸಲ ತಪ್ಪಿದರೆ ವರ್ಷವೇ ಹೋಯಿತು. ಪರೀಕ್ಷಕರು ಬೇರೆ ಊರಿನವರು, ಕಾಯುವ ಪೈಕಿಯಲ್ಲ. ವೈವಾಗೆಂದು ಪಠಣ ಬಿಟ್ಟರೆ ಹಾಲ್ ಟಿಕೆಟ್ ಹೋಗುತ್ತದೆ. ಪಠಣ ಮುಗಿಸಿ ಓಡಿದರಾಯಿತು ಎಂದುಕೊಂಡು ಅವಳು ಮುಂದಿನ ಸಾಲಿನಲ್ಲೇ ಕೂತಳು.

ಪಠಣ ನಡೆಯಿತು. ನಡೆಯಿತು. ನಡೆಯುತ್ತಲೇ ಇತ್ತು. ಫ್ಯಾನುಗಳು ಬಿಸಿಗಾಳಿಯನ್ನೇ ತಿರುವಿಹಾಕುತ್ತಿದ್ದವು. ಬೆವರಿದ ಅಂಗಿಗಳು ಕುರ್ಚಿಗೆ ಅಂಟಿದವು. ‘ಓಂ’ ಎಂಬುದು ಹಿಂದಿನ ಸಾಲಿನಲ್ಲಿ ಆಕಳಿಕೆಯಾಗಿ, ಮಧ್ಯದಲ್ಲಿ ನರಳಾಟವಾಗಿತ್ತು. ಹುಡುಗಿ ಗೋಡೆಯ ಗಡಿಯಾರ ನೋಡಿದಳು. ಅವಳ ಕೈ ಮತ್ತೆ ನಡುಗತೊಡಗಿತು.

ಪ್ರಿನ್ಸಿಪಾಲರು ತಾತನತ್ತ ಬಾಗಿ ಪಿಸುಗುಟ್ಟಿದರು: “ಇನ್ನೂ ಯಾಕೆ ಗಂಟೆ ಹೊಡೀಲಿಲ್ಲ?”

“ಹೊಡೆಯೋನು ಇಲ್ಲಿ ಕೂತಿದ್ದೀನಲ್ಲ ಸಾರ್.”

ಪ್ರಿನ್ಸಿಪಾಲರು ಎದ್ದು ಹೋಗಿ ಬಾಗಿಲು ಬಡಿದರು. “ಏಯ್, ತೆಗಿ! ನಾನು ಪ್ರಿನ್ಸಿಪಾಲ್!”

“ಇಂಥ ಮಿಮಿಕ್ರಿ ಎಷ್ಟು ಕೇಳಿಲ್ಲ ನಾನು!” ಎಂದಿತು ಹೊರಗಿನ ದನಿ. “ಸುಮ್ನೆ ಮಂತ್ರ ಹೇಳ್ರೋ.”

ಎಲ್ಲರೂ ಎದ್ದರು. ಕಿರುಚಿದರು, ಕುರ್ಚಿ ಕುಟ್ಟಿದರು. ಸದ್ದು ಏರಿದಷ್ಟೂ ವಾಚ್‌ಮನ್‌ನ ಭಕ್ತಿಯೂ ಏರಿತು. ತಾತನೊಬ್ಬ ಕುರ್ಚಿಯಲ್ಲಿ ಅಲ್ಲಾಡದೆ ಕೂತಿದ್ದ. ನೋಡಿದವರು ಸ್ಥಿತಪ್ರಜ್ಞ ಎಂದುಕೊಂಡರು. ನಿಜದಲ್ಲಿ ಆತನಿಗೆ ತನ್ನ ಸ್ಟೂಲು ನೆನಪಾಗಿ ಅಳು ಬರುವಂತಿತ್ತು.

“ತಾತ...” ಹುಡುಗಿ ವೇದಿಕೆಯ ಅಂಚು ಹಿಡಿದು ನಿಂತಿದ್ದಳು. “ನನ್ನ ವೈವಾ ಹೋಗುತ್ತೆ ತಾತ. ಏನಾದ್ರೂ ಮಾಡಿ.”

ತಾತ ಆ ಬೆರಳುಗಳನ್ನು ನೋಡಿದ. ಮೆತ್ತನೆಯ ಕುರ್ಚಿಯಿಂದ ಎದ್ದ. ಪಡ್ಡೆಗಳು ಕದ್ದು ಬೇಗ ಗಂಟೆ ಹೊಡೆದಾರೆಂದು ಸರಳನ್ನು ಸದಾ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಅಭ್ಯಾಸ ಆತನದು; ಪೀಠವೇರಿದರೂ ಅಭ್ಯಾಸ ಬಿಟ್ಟಿರಲಿಲ್ಲ. ಅದನ್ನು ಹಿರಿದು, ಕಿಟಕಿಯ ಕಬ್ಬಿಣದ ಕಂಬಿಗೆ ಬಲಗೈಯಿಂದ ಬೀಸಿ ಹೊಡೆದ. ಎಡಗೈಯಿಂದ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದ. ಢಣ್! ಢಣ್! ಢಣಢಣಢಣ! ವರ್ಷಾನುಗಟ್ಟಲೆ ಕಾಲೇಜು ಬಿಡಿಸಿದ ಅದೇ ಹೊಡೆತ.

ಹೊರಗೆ ಬೀಗ ಕಟಕ್ಕೆಂದಿತು. “ಹಾಂ, ಈಗ ಸರಿ,” ಎಂದ ವಾಚ್‌ಮನ್.

ಗಾಳಿ ನುಗ್ಗಿತು, ಜನ ನುಗ್ಗಿದರು. ಪ್ರಿನ್ಸಿಪಾಲರೂ ನುಗ್ಗಿದರು. ಹುಡುಗಿ ಬಾಗಿಲವರೆಗೆ ಓಡಿದವಳು ಏನೋ ನೆನಪಾಗಿ ತಿರುಗಿ ಬಂದಳು. ಕೈ ಇನ್ನೂ ನಡುಗುತ್ತಿತ್ತು.

“ತಾತ, ಇವತ್ತಾದ್ರೂ ಹೇಳಿಬಿಡಿ. ಯಾವಾಗ್ಲೂ ತುಟಿಯೊಳಗೆ ಹೇಳ್ಕೋತೀರಲ್ಲ, ಅದು ಯಾವ ಮಂತ್ರ? ಹೇಳ್ಕೊಂಡೇ ಓಡ್ತೀನಿ.”

ತಾತ ಬಾಯಿಂದ ಕೈ ತೆಗೆದ. ದವಡೆಯನ್ನೊಮ್ಮೆ ಅತ್ತಿತ್ತ ಆಡಿಸಿ ಸರಿ ಮಾಡಿಕೊಂಡ.

“ಮಂತ್ರ ಎಲ್ಲೀದಮ್ಮ? ಕಟ್ಟಿಸಿದ ಹಲ್ಲು, ಸಡಿಲ. ಹೀಗೆ ಒತ್ಕೋತಾ ಇರದಿದ್ರೆ ಬಿದ್ದುಹೋಗುತ್ತೆ. ನೀನು ಓಡು.”