ಕಿವಿಯಿಂದ ನೋಡಿದ ಫುಟ್‌ಬಾಲ್

ಗೋವಾಕ್ಕೆ ಬಂದ ಮೊದಲ ರವಿವಾರ ಸಂಜೆ ನಾನು ಬಾಗಿಲಿಗೆ ಅಗಳಿ ಹಾಕಿಕೊಂಡು ಒಳಗೆ ಕೂತೆ. ಹೊರಗೆ ಅಷ್ಟು ದೊಡ್ಡ ಹುಯಿಲು. ಊರ ಗಂಡಸರೆಲ್ಲ ಒಮ್ಮೆಲೇ ಕೂಗಿದರು, ಸುಮ್ಮನಾದರು, ಮತ್ತೆ ಕೂಗಿದರು. ನಮ್ಮ ಊರು ಹೊರ್ತಿಯಲ್ಲಿ ಅಂಥ ಕೂಗು ಕೇಳಿತೆಂದರೆ ಬಣವೆಗೆ ಬೆಂಕಿ ಬಿದ್ದಿರಬೇಕು, ಇಲ್ಲವೇ ಬದುವಿನ ಜಗಳಕ್ಕೆ ಕೊಡಲಿ ಎದ್ದಿರಬೇಕು.

"ಮಲ್ಲೇಶಿ, ಹೊರಗ ಹೋಗಬ್ಯಾಡೋ, ಹೆಣಾ ಬಿದ್ದಾವು" ಎಂದು ತಮ್ಮನ ಅಂಗಿ ಹಿಡಿದೆ.

ಅವನು ಗೋಡೆಗೆ ಆತು ನಕ್ಕ. "ಹೆಣಾ ಅಲ್ಲಕ್ಕಾ, ಗೋಲ್ ಬಿದ್ದೈತಿ."

ಗಂಡ ತೀರಿಕೊಂಡ ಮೇಲೆ ನನ್ನನ್ನು ಇಲ್ಲಿಗೆ ಕರೆತಂದವನು ಈ ತಮ್ಮ. ಗೌಂಡಿ ಕೆಲಸ ಅವನದು. ಅವನ ಹೆಂಡತಿ ಶಾಂತವ್ವ ನಮ್ಮೂರ ಹತ್ತಿರದ ಇಂಡಿಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ವ್ಯಾಪಾರಸ್ಥರ ಹತ್ತಿರ ನಿಂಬೆಕಾಯಿ ಆರಿಸಲು ಹೋಗುತ್ತಿದ್ದಳು. ನಾನಿಲ್ಲಿ ನಮ್ಮ ಕಡೆಯ ಕೂಲಿ ಹುಡುಗರಿಗಾಗಿ ಖಾನಾವಳಿ ಹಾಕಿದೆ. ಸಿಂದಗಿಯವರು, ಮುದ್ದೇಬಿಹಾಳದವರು, ಬಸವನ ಬಾಗೇವಾಡಿಯವರು, ಎಲ್ಲರೂ ದಿನವಿಡೀ ಸಿಮೆಂಟಿನಲ್ಲಿ ಕೈ ಸುಟ್ಟುಕೊಂಡು ಬಂದು ಒಂದು ಬಿಸಿ ರೊಟ್ಟಿಗೆ ಊರು ನೆನೆಯುವವರು. ಇಲ್ಲಿಯ ಅನ್ನ ಕೆಂಪು, ದಪ್ಪ. ಸಾರಿಗೆ ಕೊಬ್ಬರಿ, ಪಲ್ಯಕ್ಕೆ ಕೊಬ್ಬರಿ. ನಮ್ಮಲ್ಲಿ ಗಾಳಿ ಒಣಗಿ ತುಟಿ ಒಡೆಯುತ್ತದೆ, ಇಲ್ಲಿ ಒಗೆದ ಸೀರೆ ಮೂರನೆಯ ದಿನವೂ ಮುಗ್ಗುಲು ವಾಸನೆ ಹೊಡೆಯುತ್ತದೆ. ಇಲ್ಲಿಯವರು ನಮ್ಮನ್ನು 'ಘಾಟಿ' ಎನ್ನುತ್ತಾರೆ. ಘಟ್ಟದ ಆಚೆಯಿಂದ ಬಂದವರು ಎಂದು ಅದರ ಅರ್ಥ. ಆದರೆ ಅದನ್ನು ಅನ್ನುವಾಗಿನ ಮೂಗು ನೋಡಿದರೆ ಅರ್ಥ ಬೇರೆಯೇ ತಿಳಿಯುತ್ತದೆ.

ಮಲ್ಲೇಶಿಯನ್ನು ಮಾತ್ರ ಅವರು ಹಾಗೆ ಅನ್ನುವುದು ಬಿಟ್ಟಿದ್ದರು. ಅದಕ್ಕೆ ಕಾರಣ ಅವನ ದಾರ. ಭತ್ತದ ಕೊಯ್ಲು ಮುಗಿದ ಗದ್ದೆಯೇ ಇಲ್ಲಿ ಫುಟ್‌ಬಾಲ್ ಬಯಲು. ರವಿವಾರ ಮಧ್ಯಾಹ್ನ ಅವನು ಗೋಡೆ ಕಟ್ಟುವ ದಾರ ಹಿಡಿದು ಹೋಗಿ, ಗೂಟ ಬಡಿದು, ಸುಣ್ಣದ ಗೆರೆ ಎಳೆದುಕೊಡುತ್ತಿದ್ದ. ಊರ ಕ್ಲಬ್ಬಿನ ಹಿರಿಯ ಮಿಂಗೆಲ್ ಅಜ್ಜ, ಬಾಯಲ್ಲಿ ಹಲ್ಲಿಲ್ಲದ ಮನುಷ್ಯ, ಆ ಗೆರೆಗುಂಟ ಒಂದು ಸಲ ನಡೆದು ನೋಡಿ ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಿದ್ದ. ಆಮೇಲೆ ಆಟ. ತಮ್ಮ ಆ ಕೂಗಿನಲ್ಲೇ ಕೊಂಕಣಿ ಕಲಿತ. ಗೆದ್ದ ದಿನ ಖಾನಾವಳಿಗೆ ಬಂದು ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದ.

ಹೋದ ವರ್ಷ ಮಳೆ ಹಿಡಿಯುವ ಮೊದಲು, ಒಂದು ದೊಡ್ಡ ಮನೆಯ ಹೊರಗೋಡೆಗೆ ಸಿಮೆಂಟಿನ ಗಿಲಾಯಿ ಮಾಡುವಾಗ ಬಿದಿರಿನ ಅಟ್ಟ ಮುರಿಯಿತು. ಜೀವ ಉಳಿಯಿತು. ಸೊಂಟದ ಕೆಳಗೆ ಏನೂ ಉಳಿಯಲಿಲ್ಲ. ಶಾಂತವ್ವ ಬಂದು ಇಂಡಿಗೆ ಕರೆದುಕೊಂಡು ಹೋದಳು. ಹೊರಡುವಾಗ ಗಾಡಿಯಲ್ಲಿ ಮಲಗಿದ್ದವನು ಕೇಳಿದ್ದು ಇಷ್ಟೇ: "ಇನ್ನ ಗೆರಿ ಯಾರ ಹಾಕ್ತಾರ?"

ಮಂಚ ಹಿಡಿದ ಮೇಲೆ ಅವನಿಗೆ ಊಟ ಬೇಡ, ಮಾತು ಬೇಡ. ಕ್ಲಬ್ಬಿನ ಆಟ ಕಾಣಬೇಕು, ಅದೊಂದೇ. ಊರ ಕ್ಲಬ್ಬು ಆ ವರ್ಷ ಟಿವಿಯಲ್ಲಿ ತೋರಿಸುವ ಪಂದ್ಯಾವಳಿಗೆ ಏರಿತ್ತು. ಆ ಆಟ ಬರುವ ಚಾನೆಲ್ಲಿಗೆ ಬೇರೆಯೇ ರೊಕ್ಕ, ಮೊಬೈಲಿನಲ್ಲಿ ನೋಡಿದರೂ ರೊಕ್ಕ. "ಗುಳಗಿ ತರೂಣೋ, ಚಾನೆಲ್ ತರೂಣೋ, ನೀವ ಹೇಳ್ರಿ ಅಕ್ಕಾರ" ಎಂದಳು ಶಾಂತವ್ವ. ತಿಂಗಳ ರೊಕ್ಕ ಕಟ್ಟಬೇಕಿಲ್ಲದ ಬುಟ್ಟಿ ಆಂಟೆನಾದಲ್ಲಿ ಕ್ರಿಕೆಟ್ ಬರುತ್ತಿತ್ತು, ಇದು ಬರುತ್ತಿರಲಿಲ್ಲ.

ಹಾಗಾಗಿ ಅಗ್ಗದ ದಾರಿ ಹುಡುಕುವುದು ನನ್ನ ಪಾಲಿಗೆ ಬಂತು. ಇಲ್ಲಿಯ ತಾವೆರ್ನ್, ಅಂದರೆ ಸೆರೆಯಂಗಡಿಯಲ್ಲಿ ದೊಡ್ಡ ಟಿವಿ ಇದೆ. ಒಳಗೆ ಕೂರಬೇಕಾದರೆ ಮುಂದಿನ ಗ್ಲಾಸು ಬರಿದಾಗಬಾರದು. ನಾನು ಹೊರಗಿನ ಕಿಟಕಿಗೆ ನಿಂತು ಫೋನ್ ಎತ್ತಿ ವಿಡಿಯೊ ಕಾಲ್ ಮಾಡಿದೆ. ಟಿವಿಯೊಳಗಿನ ಬಾಲು ಅವನಿಗೆ ಜೋಳದ ಕಾಳಿನಷ್ಟೂ ಕಾಣಲಿಲ್ಲ. ಕ್ಲಬ್ಬಿನ ಹುಡುಗರು ತಾವೇ ಫೋನಿನಲ್ಲಿ ತೋರಿಸುತ್ತಿದ್ದುದು ಗೋಲ್ ಹೊಡೆಯುವ ಹೊತ್ತಿಗೆ ಸರಿಯಾಗಿ ನಿಂತುಬಿಡುತ್ತಿತ್ತು. ಕೊನೆಗೆ ನಾನೇ ಬಯಲಿಗೆ ಹೋದೆ. ಬದುವಿನ ಮೇಲೆ ನಿಂತವರನ್ನು ಯಾರೂ ಟಿಕೆಟ್ ಕೇಳುವುದಿಲ್ಲ.

ಓಡುವವರ ಹಿಂದೆ ನನ್ನ ಕೈ ಓಡಲಾರದು. ನಿಂತಿದ್ದ ಗೋಲ್‌ಕೀಪರನನ್ನೇ ನೆಟ್ಟಗೆ ತೋರಿಸಿದೆ.

"ಅಕ್ಕಾ, ಇಂವಾ ಹೊಲಾ ಕಾಯೂ ಆಳೇನು? ಹಕ್ಕಿ ಎಬ್ಬಸಾಕ ನಿಂತಾನೇನು? ಬಾಲ್ ತೋರಸ!" ಎಂದು ಇಂಡಿಯಿಂದ ಬೈಗುಳ ಬಂತು.

ಬೈದನಲ್ಲ ಎಂದು ನನಗೆ ಹಾಲು ಕುಡಿದಷ್ಟು ಸಂತೋಷ.

ಅದೂ ಬಹಳ ದಿನ ನಡೆಯಲಿಲ್ಲ. ಆಟ ತೋರಿಸುವ ಹಕ್ಕನ್ನು ಯಾರಿಗೋ ಮಾರಿದ್ದಾರೆ, ಫೋನ್ ಎತ್ತಿ ಹಿಡಿಯುವಂತಿಲ್ಲ ಎಂದು ಮೈಕಿನಲ್ಲಿ ಕೂಗಿದರು. ತೋಳಿಗೆ ಪಟ್ಟಿ ಕಟ್ಟಿಕೊಂಡವನೊಬ್ಬ ಬದುವಿಗೂ ಬಂದು ಕೈ ಇಳಿಸಿ ಹೋದ. ಇಳಿಸಿದ ಕೈಯನ್ನು ಕಿವಿಗೆ ಹಚ್ಚಿದೆ. ಕಿವಿಗೆ ಹಚ್ಚಿದರೆ ಯಾವ ಹಕ್ಕಿಗೂ ಧಕ್ಕೆಯಿಲ್ಲವಲ್ಲ!

"ನೀ ಹೇಳ, ನಾ ಕಣ್ಣ ಮುಚ್ಚತೇನಿ" ಎಂದ ತಮ್ಮ.

ಆಟಗಾರರ ಹೆಸರು ನನ್ನ ನಾಲಿಗೆಗೆ ಹತ್ತವು. ಎಡ, ಬಲ ಎನ್ನುವುದು ನಾನು ತಿರುಗಿ ನಿಂತರೆ ಬದಲಾಗುತ್ತದೆ. ನಮ್ಮ ಹೊಲದಲ್ಲಿ ಹಿರಿಯರು ಹೇಗೆ ಹೇಳುತ್ತಿದ್ದರೋ ಹಾಗೆ ಹೇಳತೊಡಗಿದೆ: "ಮೂಡಲ ಕಡಿಯವರು ಹಗ್ಗಾ ಹರಕೊಂಡ ಹೋರಿಗತೆ ಬಂದ್ರು... ಪಡುವಲ ಕಡಿಯವರು ಬೇಲಿ ಹಚ್ಚಿದ್ರು... ಹಾಯ್ತು, ಹಾಯ್ತು, ಹೊಡದ್ರು!" ಸುತ್ತಲಿನ ಕೊಂಕಣಿಯವರು ಆಟ ಬಿಟ್ಟು ನನ್ನ ಬಾಯಿ ನೋಡಿದರು.

ಮೊದಲ ಸಲ ಹೀಗೆ ಹೇಳಿ ಮನೆಗೆ ಬಂದೆ. ಎಂಟು ದಿನ ತಮ್ಮ ಸೋತ ಮುಖದಲ್ಲಿ ಮಲಗಿದ್ದನಂತೆ. ಆಮೇಲೆ ಮಿಂಗೆಲ್ ಅಜ್ಜನಿಂದ ತಿಳಿಯಿತು, ಗೆದ್ದವರು ನಮ್ಮವರೇ! ಅರ್ಧ ಆಟಕ್ಕೆ ತಂಡದವರು ಕಡೆ ಬದಲಿಸುತ್ತಾರೆಂದು ಯಾರಿಗೆ ಗೊತ್ತು? ಹೊಲದ ಮೂಡಲ ಭಾಗಕ್ಕೆ ಒಬ್ಬ ಒಡೆಯನಾದರೆ ಸಾಯುವ ತನಕ ಅವನೇ ತಾನೆ? ಅರ್ಧ ಆಟದ ಮೇಲೆ ನಮ್ಮವರು ಹೊಡೆದುದನ್ನೆಲ್ಲ ಎದುರಿನವರ ಪಾಲಿಗೆ ಹಾಕಿದ್ದೆ. ಹೇಳಿದಾಗ ತಮ್ಮ ನಕ್ಕ. ಅಟ್ಟ ಮುರಿದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಫೋನಿನ ಆಚೆ ಶಾಂತವ್ವ ಅಳುವುದೂ ಕೇಳಿಸಿತು.

ಅವಳಿಗೆ ಅಳು ಬರಲು ಬೇರೆ ಕಾರಣವಿತ್ತು. ದೀಪಾವಳಿಗೆ ಮೊದಲೇ ಡಾಕ್ಟರು ಅವಳಿಗೆ ಹೇಳಿದ್ದರು, ಅವಳು ನನಗೆ ಹೇಳಿದ್ದಳು. ಅವನಿಗೆ ಯಾರೂ ಹೇಳಿರಲಿಲ್ಲ. ನೋಡಲು ಬಂದವರೆಲ್ಲ "ಯುಗಾದಿಗೆ ಎದ್ದ ಕೂಡ್ತಿ, ಬ್ಯಾಸಿಗಿಗೆ ನಡೀತಿ" ಎಂದು ಚಹಾ ಕುಡಿದು ಹೋಗುತ್ತಿದ್ದರು.

ಒಂದು ರವಿವಾರ ನಮ್ಮವರು ಎರಡು ಗೋಲು ತಿಂದು ಕಂಗೆಟ್ಟಿದ್ದರು. ನಾನು, "ಇನ್ನೂ ಹೊತ್ತೈತಿ ಮಲ್ಲೇಶಿ, ಗೆದ್ದ ಗೆಲ್ತಾರ ನೋಡ" ಎಂದೆ.

"ಅಕ್ಕಾ, ನೀನೂ ಸುರು ಮಾಡಿದೇನು?" ಅವನ ದನಿ ಗಡುಸಾಗಿತ್ತು. "ಮುಂದಿಂದ ಹೇಳಬ್ಯಾಡ. ಈಗ ಏನ ನಡದೈತಿ, ಅಷ್ಟ ಹೇಳ. ಮನ್ಯಾಗ ಎಲ್ಲಾರೂ ಮುಂದಿಂದ ಹೇಳವ್ರ. ಇದ್ದದ್ದ ಇದ್ದಂಗ ಹೇಳಾಕಿ ನೀ ಒಬ್ಬಾಕಿ ಅದಿ ಅಂತ ತಿಳದಿದ್ನಿ."

ಬಾಲು ಎಲ್ಲಿತ್ತೋ ಕಾಣಲಿಲ್ಲ.

"ಡಾಕ್ಟರ್ ಏನಂದಾನ? ನಿನಗ ಗೊತ್ತೈತಿ. ಶಾಂತಿ ನಿನಗ ಹೇಳದ ಇರಾಕಿ ಅಲ್ಲ. ಹೇಳ. ಆಟಾ ಹೇಳಿದಂಗ ಹೇಳ."

ಬದುವಿನ ಮೇಲೆ ಜನ ಕಿರುಚುತ್ತಿದ್ದರು. ನನ್ನ ಊರಿನ ಮಾತು ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ಅಷ್ಟು ಮಂದಿಯ ನಡುವೆ ನಾನೊಬ್ಬಳೇ. ಹೇಳಿದೆ. "ನಿನ್ನ ಕಾಲ ಬರೂದಿಲ್ಲೋ ತಮ್ಮಾ. ಯುಗಾದಿಗೂ ಇಲ್ಲ, ಬ್ಯಾಸಿಗಿಗೂ ಇಲ್ಲ. ಎಂದೂ ಇಲ್ಲ ಅಂದಾನ."

ಫೋನಿನಲ್ಲಿ ಅವನ ಕೋಣೆಯ ಫ್ಯಾನಿನ ಕಿರುಗುಟ್ಟುವಿಕೆ ಕೇಳಿತು. ಹೊರಗೆ ಯಾವುದೋ ಟಂಟಂ ಗಾಡಿ ಹಾರ್ನ್ ಹಾಕಿಕೊಂಡು ಹೋಯಿತು.

"ಮುಂದ?" ಎಂದ.

"ಮುಂದೇನಿಲ್ಲಪಾ. ಅಷ್ಟ ಅಂದಾನ."

"ಆಟಾ ಕೇಳೀನಿ ಅಕ್ಕಾ. ಬಾಲ್ ಯಾರ ಕಡೆ ಐತಿ?"

ಕಡೆಯತನಕ ಹೇಳಿದೆ. ನಮ್ಮವರು ಸೋತರು. ಸೋತರು ಎಂದೇ ಹೇಳಿದೆ.

ಮುಂದಿನ ರವಿವಾರ ಅವನು ಫೋನ್ ಎತ್ತಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. "ಗ್ವಾಡಿ ಕಡೆ ಮಕಾ ಮಾಡಿ ಮಲಗ್ಯಾರ. ತುತ್ತ ಇಟ್ರ ಉಗಳ್ತಾರ" ಎಂದಳು ಶಾಂತವ್ವ. ಖಾನಾವಳಿಗೆ ಬೀಗ ಹಾಕಿ, ಸಿಂದಗಿ ಹುಡುಗರಿಗೆ ಒಣ ರೊಟ್ಟಿ ಕಟ್ಟಿಕೊಟ್ಟು, ಬಸ್ಸು ಹತ್ತಿದೆ.

ಇಂಡಿಯಲ್ಲಿ ಇಳಿದಾಗ ಒಣ ಗಾಳಿ ಮುಖಕ್ಕೆ ಬಡಿದು ಹಿತವೆನಿಸಿತು. ರಾತ್ರಿ ಮಾತ್ರ ಸಮುದ್ರದ ಕಡೆಯ ತೇವವಿಲ್ಲದೆ ಮೂಗು ಉರಿಯಿತು. ಎರಡು ದಿನ ಮಂಚದ ಹತ್ತಿರ ಕೂತೆ. ಅವನು ಗೋಡೆಯನ್ನೇ ನೋಡಿದ. ಗಂಜಿ ಚೆಲ್ಲಿದ. ರವಿವಾರ ಶಾಂತವ್ವ ನಿಂಬೆಕಾಯಿ ಕೆಲಸಕ್ಕೆ ಹೋದಳು. ಬಿಸಿಲು ಇಳಿಯತೊಡಗಿದಂತೆ ನನ್ನ ಕಿವಿ ತಾನಾಗಿಯೇ ಕೂಗಿಗಾಗಿ ಕಾಯತೊಡಗಿತು. ಹೊರಗೆ ಕೇಳಿದ್ದು ಯಾರದೋ ಆಡಿನ ದನಿ.

ಗೋಡೆಯ ಕಡೆಯಿಂದ ತಮ್ಮ ಕೇಳಿದ: "ನೀ ಇಲ್ಲಿ ಕುಂತ್ರ ಅಲ್ಲಿ ಯಾರ ನೋಡ್ತಾರ?"

ಮಿಂಗೆಲ್ ಅಜ್ಜನಿಗೆ ಫೋನ್ ಹಚ್ಚಿದೆ. ಸಂಗತಿ ತಿಳಿಸುವಷ್ಟು ಕೊಂಕಣಿ ಬರುತ್ತದೆ ನನಗೆ. ಫೋನನ್ನು ದಿಂಬಿನ ಮೇಲಿಟ್ಟೆ. ಹಲ್ಲಿಲ್ಲದ ಆ ಬಾಯಿಯ ಕೊಂಕಣಿ ಇಂಡಿಯ ಕೋಣೆಯಲ್ಲಿ ತುಂಬಿತು. ಆ ಓಟದಲ್ಲಿ ಒಂದು ಮಾತೂ ನನಗೆ ಹಿಡಿಯಲಿಲ್ಲ. ಮಲ್ಲೇಶಿ ಫೋನಿನ ಕಡೆ ಮುಖ ಹೊರಳಿಸಿದ. ಆಮೇಲೆ "ಮಾಗೀರ್?" ಎಂದ. ಮುಂದೆ, ಎಂದು ಅರ್ಥ. ಸ್ವಲ್ಪ ಹೊತ್ತಿಗೆ ನನಗೂ ಬಿಡಿಸಿ ಹೇಳತೊಡಗಿದ: "ಗೆರಿ ಡೊಂಕ ಹಾಕ್ಯಾರಂತ ಅಕ್ಕಾ... ಮೂಡಲ ಕಡಿ ನಮ್ಮವರ ಅದಾರ, ಅರ್ಧ ಆಟಕ್ಕ ಬದಲಾಗ್ತಾರ, ಮರೀಬ್ಯಾಡ..."

ಆಗ ಆ ಕೂಗು ಎದ್ದಿತು. ಫೋನಿನೊಳಗೆ ಇಡೀ ಊರು ಕೂಗಿತು, ಮಂಚದ ಮೇಲೆ ತಮ್ಮ ಕೂಗಿದ. ನಾನೂ ಕೂಗಿದೆನೆಂದು ಕಾಣುತ್ತದೆ.

ಪಕ್ಕದ ಕೋಣೆಯ ಮುದುಕಿ ಸೆರಗು ಎದೆಗೆ ಅವಚಿಕೊಂಡು ಬಾಗಿಲಿಗೆ ಬಂದಳು. "ಏನಾತವಾ? ಹೋದನೇನ?"

"ಇಲ್ರಿ ಆಯಿ, ಗೋಲ್ ಆತ್ರಿ" ಎಂದೆ.

ಅವಳು ಅವನ ಕಾಲುಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ಹಿಂದೆ ಸರಿದಳು. ಅವಳ ಬಾಗಿಲು ಮುಚ್ಚಿತು, ಒಳಗೆ ಅಗಳಿ ಬಿದ್ದ ಸಪ್ಪಳ ಕೇಳಿತು.

ಅದು ನನಗೆ ಗುರುತಿನ ಸಪ್ಪಳ. ಹಿಂದೊಮ್ಮೆ ಗೋವಾದಲ್ಲಿ ಇಂಥದೇ ಕೂಗಿಗೆ ಅಗಳಿ ಹಾಕಿಕೊಂಡು ಒಳಗೆ ಕೂತವಳು ನಾನು.