ಜಯಮ್ಮನಿಗೆ ವೀರಗಲ್ಲು ತೋರಿಸುವುದು ಹೇಗೆ?

ಕಳೆದ ಭಾನುವಾರ ನನಗೊಂದು ಹೊಸ ಹುದ್ದೆ ಸಿಕ್ಕಿತು. ಹುದ್ದೆಯ ಹೆಸರು ‘ಸಾರ್ವಜನಿಕರು’.

ಪುರಾತತ್ವ ಓದಿದವರಿಗೆ, ಹಳೆಯ ಕಲ್ಲು-ಶಾಸನಗಳ ಕತೆಯನ್ನು ಜನರಿಗೆ ಹೇಳುವುದು ಹೇಗೆಂದು ನನ್ನ ಗೆಳತಿ ವಸುಧಾ ತರಬೇತಿ ಕೊಡುತ್ತಾಳೆ. “ಅಗೆಯೋಕೆ ಬರುತ್ತೆ ಕಣೇ ಇವರಿಗೆ, ಮಾತಾಡೋಕೆ ಬರಲ್ಲ. ನೀನು ಬಂದು ಕೇಳಿಸ್ಕೋ. ಬೋರ್ ಆದ್ರೆ ಆಕಳಿಸು, ಸಾಕು” ಅಂದಳು. (ಆಕಳಿಕೆಯಲ್ಲಿ ನನಗೆ ಅನುಭವವಿದೆ. ಬಹಳ ವರ್ಷ ಸ್ಟಾಫ್ ಮೀಟಿಂಗ್‌ಗಳಲ್ಲಿ ಕೂತವಳು.) ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಯಲ್ಲಿ ಇಳಿದೆ.

ಬಸ್ ಸ್ಟಾಪಿನ ಹಿಂದೆ ಬೇವಿನ ಮರ. ಅದರಡಿ ಒಂದು ವೀರಗಲ್ಲು. ಹೋರಾಡಿ ಮಡಿದವನ ನೆನಪಿಗೆ ಊರವರು ನಿಲ್ಲಿಸಿದ ಕಲ್ಲು. ಮೈತುಂಬ ಅರಿಸಿನ, ಎಣ್ಣೆ. ಪಕ್ಕದಲ್ಲಿ ಬೆಳ್ಳಿ ಬಣ್ಣದ ಪೇಂಟ್ ಡಬ್ಬ.

ಡಬ್ಬ ತಂದವರು ಜಯಮ್ಮ. ಅಲ್ಲೇ ಹೂ ಮಾರುತ್ತಾರೆ. ಹದಿನೆಂಟು ವರ್ಷದಿಂದ ಆ ಕಲ್ಲಿಗೆ ದೀಪ ಹಚ್ಚುತ್ತಿದ್ದಾರೆ. “ಅಮ್ಮ ಪಳಪಳ ಅನ್ಲಿ ಅಂತ. ಇವತ್ತೇ ಬಳಿಸ್ತೀನಿ” ಅಂದರು.

ಮಾತಾಡುವ ಸರದಿ ತರಬೇತಿಗೆ ಬಂದಿದ್ದ ಬಾಗಲಕೋಟೆಯ ರೇಣುಕಾಳದು. ಡಬ್ಬ ಕಂಡದ್ದೇ ಗಾಬರಿಯಾದಳು. ಕೈಯಲ್ಲಿದ್ದ ಹಾಳೆ ನೋಡಿಕೊಂಡು ಗಡಗಡ ಶುರು ಮಾಡಿದಳು. “ತ್ರಿಸ್ತರದ ಈ ಸ್ಮಾರಕಶಿಲ್ಪವು...” ನಾನು ಆಕಳಿಸಿದೆ. ಅವಳು ಇನ್ನೂ ಗಾಬರಿಯಾಗಿ, “ಪೇಂಟ್ ಹಚ್ಚುವಂತಿಲ್ಲ. ಇದು ದೇವಿಯಲ್ಲ, ಸತ್ತುಹೋದ ಒಬ್ಬ ಗಂಡಸು” ಅಂದುಬಿಟ್ಟಳು.

ಜಯಮ್ಮನ ಮುಖ ಇಳಿದುಹೋಯಿತು.

“ಇಷ್ಟು ವರ್ಷ ದೀಪ ಹಚ್ಚಿದ್ದು ಸತ್ತೋನಿಗಾ?”

ವಸುಧಾಳೂ ನೆರವಿಗೆ ಹೋಗಲಿಲ್ಲ. (ಬೇಕೆಂದೇ ಸುಮ್ಮನಿದ್ದೆ ಎಂದು ಆಮೇಲೆ ಹೇಳಿದಳು.) ರೇಣುಕಾ ಹೇಳಿದ್ದು ಸತ್ಯವೇ. ಆದರೆ ಸತ್ಯ ಹೇಳಿ ಒಬ್ಬರ ಎದೆ ಒಡೆಯುವುದಕ್ಕೆ ಪದವಿ ಬೇಕೇ?

ರೇಣುಕಾ ಹಾಳೆ ಮಡಚಿದಳು. ಜಯಮ್ಮನ ಪಕ್ಕ ನೆಲದ ಮೇಲೇ ಕೂತಳು. ಈಗ ಬಂದದ್ದು ಅವಳ ಸ್ವಂತ ಮಾತು.

“ತಪ್ಪಾತ್ರೀ ಅಕ್ಕಾರ. ಇಲ್ಲಿ ಕೈಯಿಟ್ಟು ನೋಡ್ರಿ.”

ಜಯಮ್ಮ ಒಲ್ಲದ ಮನಸ್ಸಿನಿಂದ ಬೆರಳಿಟ್ಟರು. ಅರಿಸಿನದ ಕೆಳಗೆ ಒಂದು ಕೊಂಬು. ಇನ್ನೊಂದು ಕೊಂಬು. “ಅಯ್ಯೋ, ಹಸು ಕಣವ್ವಾ!”

“ಹೌದ್ರೀ. ಕಳ್ಳರು ಊರ ದನ ಹೊಡ್ಕೊಂಡು ಹೊಂಟಿದ್ರು. ಈತ ಅಡ್ಡ ನಿಂತು ಜೀವ ಬಿಟ್ಟ. ಅವನ್ನ ಮರೀಬಾರ್ದು ಅಂತ ಕಲ್ಲು ನಿಲ್ಲಿಸ್ಯಾರ. ನೀವೂ ಮರೆಯಾಕ ಬಿಟ್ಟಿಲ್ಲ ನೋಡ್ರಿ.”

ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಹೆಸರೇನು ಅವನ್ದು?”

ರೇಣುಕಾ ಬಗ್ಗಿ, ಸವೆದ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. “ಹೆಸರಿನ ಜಾಗ ಸವದು ಹೋಗೇತ್ರೀ. ಸುಳ್ಳು ಹೇಳಂಗಿಲ್ಲ. ಬಣ್ಣ ಬಳದ್ರ ಉಳಿದದ್ದೂ ಮುಚ್ಚಿಹೋಗತೈತಿ.”

ಜಯಮ್ಮ ಡಬ್ಬವನ್ನು ಹೂಬುಟ್ಟಿಯ ಹಿಂದೆ ಸರಿಸಿದರು. “ಮನೆ ಗೇಟಿಗೆ ಬಳಿಸ್ತೀನಿ ಬಿಡು. ದೀಪ ಹಚ್ಚಬೋದು ತಾನೆ?”

“ಕಲ್ಲಿಗೆ ಮಸಿ ಹತ್ತದಂಗ ಒಂದ್ ಮೊಳ ದೂರ ಇಟ್ಟು ಹಚ್ರಿ.”

ನಾವು ಹೊರಡುವಾಗ ಬಸ್ಸಿಗೆ ಕಾದಿದ್ದ ಹೆಂಗಸೊಬ್ಬರನ್ನು ಜಯಮ್ಮ ಕೈಹಿಡಿದು ಕರೆತರುತ್ತಿದ್ದರು. “ಬನ್ನಿ ಆಂಟಿ, ನಮ್ಮೂರ ಹಸು ಉಳಿಸ್ದೋನು ಇಲ್ಲೇ ಅವ್ನೆ.”

ಕಲ್ಲಿನ ಅಕ್ಷರ ಓದಲು ವರ್ಷಗಟ್ಟಲೆ ಕಲಿಸುವ ನಾವು, ಆ ಕಲ್ಲಿಗೆ ಕೈಮುಗಿಯುವವರ ಮುಖ ಓದುವುದನ್ನು ಯಾವ ಕ್ಲಾಸಿನಲ್ಲಿ ಕಲಿಸುತ್ತಿದ್ದೇವೆ?