ಕಿರುಬೆರಳು ಸೊಟ್ಟಗಿದ್ದ ಕೈ

ಮಹಾನಗರದ ಅಂಚಿನಲ್ಲಿ, ಬಸ್ಸುಗಳು ಒಂದು ಸುತ್ತು ಹಾಕಿ ಹಿಂದಕ್ಕೆ ಹೊರಡುವ ಆ ಬಡಾವಣೆಗೆ ತನ್ನ ದೊಡ್ಡ ಮನುಷ್ಯರ ಮೇಲೆ ಇದ್ದಕ್ಕಿದ್ದಂತೆ ಅಭಿಮಾನ ಉಕ್ಕಿ ಬಂತು. ಪಕ್ಕದ ಬಡಾವಣೆಯವರು ತಮ್ಮ ಪಾರ್ಕಿನಲ್ಲಿ ಒಬ್ಬ ಹಾಡುಗಾರ್ತಿಯ ಪ್ರತಿಮೆ ನಿಲ್ಲಿಸಿದ್ದು ಇದಕ್ಕೆ ಕಾರಣವಲ್ಲ ಎಂದು ಇಲ್ಲಿಯವರು ಆಣೆ ಮಾಡುತ್ತಾರೆ, ನಂಬುವವರು ನಂಬಲಿ. ಒಂದು ಸಮಿತಿ ಆಯಿತು, ಹುಡುಕಾಟ ನಡೆಯಿತು. ಒಬ್ಬ ಚದುರಂಗದ ಆಟಗಾರ ಸಿಕ್ಕಿದ. ಒಬ್ಬ ಗಣಿತದ ಪ್ರಾಧ್ಯಾಪಕರು ಸಿಕ್ಕಿದರು. ಅವರು ಇಲ್ಲಿ ಇದ್ದದ್ದು ಬಾಡಿಗೆಗೆ, ಅದೂ ಮನೆ ಮಾಲೀಕನ ಜೊತೆ ಜಗಳವಾಡಿ ಸಾಮಾನು ಕಟ್ಟುವ ತನಕ. ಡಾಕ್ಟರನ್ನು ಮಾತ್ರ ಹುಡುಕಬೇಕಾಗಿರಲಿಲ್ಲ. ಅವರ ಹೆಸರು ಸಮಿತಿಯವರೆಲ್ಲರ ಬಾಯಲ್ಲೂ ಇತ್ತು.

ಡಾಕ್ಟರು ತೀರಿಕೊಂಡು ಬಹಳ ಕಾಲವಾಗಿತ್ತು. ಮುಖಕ್ಕೆ ಬೇಕಾದಷ್ಟು ಫೋಟೋಗಳಿದ್ದವು, ಆದರೆ ಎಲ್ಲದರಲ್ಲೂ ಅವರು ಮೇಜಿನ ಹಿಂದೆ ಕುಳಿತಿದ್ದರು. ಪ್ರತಿಮೆ ನಿಂತೇ ಇರಬೇಕು ಎಂದು ಸಮಿತಿ ಹಟ ಹಿಡಿಯಿತು. ಹಾಗಾಗಿ ಶಿಲ್ಪಿಗೆ ಕುತ್ತಿಗೆಯಿಂದ ಕೆಳಗೆ ಒಂದು ಮೈ ಬೇಕಾಯಿತು. ಅವನು ಸಗಟು ಮಾರುಕಟ್ಟೆಗೆ ಬಂದು, ಲಾರಿಯಿಂದ ಮೂಟೆ ಇಳಿಸುತ್ತಿದ್ದವರನ್ನು ಒಂದು ಗಳಿಗೆ ನೋಡಿ, ಒಬ್ಬನನ್ನು ಕರೆದುಕೊಂಡು ಹೋದ. ತಲೆ ದೊಡ್ಡವರದು, ಮೈ ಹಮಾಲಿಯದು. ಲೋಕದಲ್ಲಿ ಇದೇನು ಹೊಸ ಏರ್ಪಾಡಲ್ಲ.

ಆ ಹಮಾಲಿಗೆ ಮಾರುಕಟ್ಟೆಯಲ್ಲಿ ಓರೆಯಣ್ಣ ಎಂದು ಹೆಸರು. ಮೀಸೆ ಮೂಡುವ ಮೊದಲೇ ಮೂಟೆಗೆ ಭುಜ ಕೊಟ್ಟವನು. ಯಾವಾಗಲೂ ಬಲಭುಜಕ್ಕೇ ಹೊತ್ತು ಹೊತ್ತು ಆ ಕಡೆ ಇಳಿದು, ಎಡಭುಜ ಮೇಲೆ ನಿಂತಿತ್ತು. ಒಮ್ಮೆ ಪೆಟ್ಟಿಗೆಯೊಂದು ಜಾರಿ ಬಿದ್ದು ಬಲಗೈಯ ಕಿರುಬೆರಳು ಮುರಿದಿತ್ತು. ಅದು ಕೂಡಿಕೊಂಡಿತು, ಆದರೆ ಹೊರಕ್ಕೆ ಬಾಗಿಕೊಂಡೇ ಕೂಡಿಕೊಂಡಿತು. ಮಾತು ಕಡಿಮೆ, ನಗು ಜಾಸ್ತಿ. ಯಾರಾದರೂ "ಏನು ಓರೆಯಣ್ಣ, ಭೂಮಿ ಓರೆಯೋ ನೀನು ಓರೆಯೋ" ಎಂದು ಕಿಚಾಯಿಸಿದರೆ, "ಮೊದಲು ಭೂಮೀನ ನೆಟ್ಟಗೆ ಮಾಡಿ, ಆಮೇಲೆ ನನ್ನ ಹತ್ರ ಬನ್ನಿ" ಎನ್ನುತ್ತಿದ್ದ.

ಅವನ ಹೆಂಡತಿ ಬಸ್ ನಿಲ್ದಾಣದ ಹಿಂದಿನ ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದಳು. ಅಂಗಡಿಯವರು ಅವಳನ್ನು ಕಾಜಕ್ಕ ಎಂದೇ ಕರೆಯುತ್ತಿದ್ದರು. ಗಂಡನ ಅಂಗಿಗಳನ್ನು ಅವಳು ಬೇರೆ ಯಾರ ಕೈಗೂ ಕೊಟ್ಟವಳಲ್ಲ. ಬಲಭುಜದ ಒಳಗೆ ಬಟ್ಟೆಯ ಮಡಿಕೆಯೊಂದನ್ನು ಇಟ್ಟು ಹೊಲಿದುಬಿಡುತ್ತಿದ್ದಳು. ಮೂಟೆ ಹೊತ್ತು ಮುಗಿಸಿ ಅದನ್ನು ಹಾಕಿಕೊಂಡರೆ ಓರೆಯಣ್ಣ ಎಲ್ಲ ಗಂಡಸರ ಹಾಗೆ ಸಮನಾಗಿ ಕಾಣುತ್ತಿದ್ದ. ಈ ಗುಟ್ಟು ಅವರಿಬ್ಬರ ನಡುವೆ ಇತ್ತು. ಮದುವೆಯಾದ ವರ್ಷದಿಂದಲೂ ಅದರ ಬಗ್ಗೆ ಒಂದು ಮಾತೂ ಆಗಿರಲಿಲ್ಲ. ಹೊಸ ಅಂಗಿ ತೊಟ್ಟ ದಿನ ಅವನು ಭುಜ ಮುಟ್ಟಿ ನೋಡಿಕೊಂಡು ಅವಳ ಕಡೆ ತಿರುಗುತ್ತಿದ್ದ, ಅಷ್ಟೇ.

ಅವರಿಗೆ ಒಬ್ಬಳೇ ಮಗಳು ಹುಟ್ಟಿದ್ದಳು, ಪುಟ್ಟಿ. ನಾಲ್ಕು ತುಂಬಿತ್ತು. ಡಾಕ್ಟರು ಇನ್ನೂ ಬದುಕಿದ್ದ ಕಾಲ, ಒಂದು ಭಾನುವಾರ ಮಧ್ಯಾಹ್ನ ಮಗುವಿಗೆ ಉಸಿರು ಕಟ್ಟತೊಡಗಿತು. ಇಬ್ಬರೂ ಎತ್ತಿಕೊಂಡು ಡಾಕ್ಟರ ಮನೆಯ ಗೇಟಿನ ಮುಂದೆ ನಿಂತರು. ಡಾಕ್ಟರು ಊಟದ ನಡುವೆ ಎದ್ದು ಮಹಡಿಯ ಬಾಲ್ಕನಿಗೆ ಬಂದರು, ಬಾಯಿ ಒರೆಸಿಕೊಳ್ಳುತ್ತ. "ಭಾನುವಾರ ನಾನು ನೋಡೋದಿಲ್ಲ. ನಾಳೆ ಬೆಳಿಗ್ಗೆ ಕ್ಲಿನಿಕ್ಕಿಗೆ ಕರ್ಕೊಂಡು ಬನ್ನಿ" ಎಂದರು. ಕಾಜಕ್ಕ ಗೇಟಿನ ಸರಳು ಹಿಡಿದುಕೊಂಡು ಏನೋ ಕೂಗಿದಳು. ಅವರು ಕೈ ಬೀಸಿದರು, ಹೋಗಿ ಹೋಗಿ ಎಂದು. ಆಮೇಲೆ ಬಾಗಿಲಿನ ಪರದೆ ಮುಚ್ಚಿಕೊಂಡಿತು. ಓರೆಯಣ್ಣ ಮಗುವನ್ನು ಭುಜಕ್ಕೆ ಹಾಕಿಕೊಂಡು ದೊಡ್ಡಾಸ್ಪತ್ರೆಯ ಕಡೆ ಓಡಿದ. ಸೇತುವೆಯ ಮೇಲೆ ಬಂದಾಗ ನಿಂತುಬಿಟ್ಟ. ಹೊತ್ತ ಭಾರದಲ್ಲಿ ಆದ ಬದಲಾವಣೆ ಅವನ ಭುಜಕ್ಕೆ ಎಲ್ಲರಿಗಿಂತ ಮೊದಲು ತಿಳಿದಿತ್ತು.

ಅದಾದ ಕೆಲವು ವರ್ಷಗಳಿಗೆ ಊರಿಗೆ ಸಾಂಕ್ರಾಮಿಕ ಜ್ವರ ಬಂದಾಗ ಅದೇ ಡಾಕ್ಟರು ಹಗಲು ರಾತ್ರಿ ಎನ್ನದೆ ಓಡಾಡಿ ನೂರಾರು ಜನರನ್ನು ಉಳಿಸಿದರು. ಕಾಜಕ್ಕನ ವಠಾರದಲ್ಲೇ ಹಾಗೆ ಉಳಿದವರಿದ್ದರು. ಅದೂ ನಿಜ, ಇದೂ ನಿಜ. ಸಮಿತಿಗೆ ಗೊತ್ತಿದ್ದದ್ದು ಜ್ವರದ ಕಾಲದ ಕಥೆಯೊಂದೇ.

ಪ್ರತಿಮೆ ಮಾಡಿದ ಬೇಸಿಗೆಯೆಲ್ಲ ಓರೆಯಣ್ಣ ಶಿಲ್ಪಿಯ ಶೆಡ್ಡಿಗೆ ಹೋಗಿ ಬಂದ. ಒಂದು ಹಳೆಯ ಕೋಟು ತೊಡಿಸಿ ನಿಲ್ಲಿಸುತ್ತಿದ್ದರಂತೆ. "ಸುಮ್ನೆ ನಿಂತ್ರೂ ಕೂಲಿ ಕೊಡ್ತಾರೆ ಕಣೇ, ಲೋಕದಲ್ಲಿ ಇಂಥ ಕೆಲಸಾನೂ ಇದೆ" ಎಂದು ಮನೆಯಲ್ಲಿ ಬಂದು ನಗುತ್ತಿದ್ದ. ಅವಳೂ ನಕ್ಕಳು. ಪ್ರತಿಮೆ ಯಾರದು ಎಂದು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಅನಾವರಣದ ದಿನ ಅಂಗಡಿಗೆ ರಜೆ ಕೊಟ್ಟಿದ್ದರು. ಗಂಡ ಹೆಂಡತಿ ಜನರ ಹಿಂದೆ ನಿಂತಿದ್ದರು. ಪರದೆ ಸರಿಯಿತು. ಚಪ್ಪಾಳೆ ಬಿತ್ತು. ಅವಳ ಕಣ್ಣು ಮೊದಲು ಹೋದದ್ದು ಮುಖಕ್ಕಲ್ಲ, ಭುಜಕ್ಕೆ. ಕಂಚಿನ ಕೋಟಿನ ಬಲಭುಜ ಇಳಿದಿತ್ತು. ಅವಳ ಕೈ ತಾನಾಗಿಯೇ ಸೂಜಿ ಹಿಡಿಯುವಂತೆ ಮಡಚಿಕೊಂಡಿತು. ಕೆಳಗೆ ಮುಂದಕ್ಕೆ ಚಾಚಿದ ಬಲಗೈ, ಅದರ ಸೊಟ್ಟ ಕಿರುಬೆರಳು. ನಗು ಬರುವುದರಲ್ಲಿತ್ತು. ಆಗ ತಲೆಯೆತ್ತಿ ಮುಖ ನೋಡಿದಳು. ಬಾಲ್ಕನಿಯಲ್ಲಿ ಕಂಡಿದ್ದ ಅದೇ ಮುಖ.

ವೇದಿಕೆಯಲ್ಲಿ ಮಾತಿನ ಮಲ್ಲನೊಬ್ಬ ಮೈಕು ಹಿಡಿದು, "ಆ ಭುಜವನ್ನು ನೋಡಿ. ಈ ಊರಿನ ನೋವನ್ನೆಲ್ಲ ಹೊತ್ತು ಇಳಿದುಹೋದ ಭುಜ ಅದು" ಎಂದ. ಜನರು ಮತ್ತೆ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಡಾಕ್ಟರ ಮಗಳು ಕಣ್ಣೊರೆಸಿಕೊಂಡಳು. ಅವಳು ಅಪ್ಪನ ಮುಖವನ್ನಷ್ಟೇ ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಕಾಜಕ್ಕ ಬಾಗಿಲು ಹಾಕಿ ಕೇಳಿದಳು. "ಯಾರ ತಲೆ ಕೂಡಿಸ್ತಾರೆ ಅಂತ ಕೇಳ್ಲಿಲ್ವಾ ನೀವು?"

"ಮಣ್ಣಲ್ಲಿ ಮಾಡುವಾಗ ತಲೆ ಇರ್ಲಿಲ್ಲ ಕಣೇ. ಒಂದು ಕೋಲು ಚುಚ್ಚಿಟ್ಟಿದ್ದ. ಯಾರೋ ದೊಡ್ಡವರು ಅಂದ, ಸುಮ್ನಾದೆ."

"ಈ ಊರಲ್ಲಿ ದೊಡ್ಡವರು ಅಂದ್ರೆ ಇನ್ಯಾರಿದ್ದಾರೆ? ಅಷ್ಟೂ ತಿಳೀಲಿಲ್ವಾ ನಿಮಗೆ?"

 ಮಾರನೆಯ ದಿನ ಅವನು ಕೂಲಿ ಬಿಟ್ಟು ಶಿಲ್ಪಿಯ ಬಳಿಗೆ ಹೋಗಿ ತನ್ನ ಕೈ ತೆಗೆದುಬಿಡಿ ಎಂದು ಅಂಗಲಾಚಿದ. ಅದೇನು ಅಂಗಿಯ ತೋಳೇ ಬಿಚ್ಚಿ ಕೊಡೋದಕ್ಕೆ, ಎಂದು ಶಿಲ್ಪಿ ನಕ್ಕು ಕಳಿಸಿದ.

ಅವಳು ಮಾತು ಬಿಟ್ಟಳು. ಊಟಕ್ಕೆ ಇಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದು ಕೊಟ್ಟಳು. ಹೊಸದಾಗಿ ಹೊಲಿದ ಅಂಗಿಯ ಭುಜದಲ್ಲಿ ಮಡಿಕೆ ಇಡಲಿಲ್ಲ. ಅವನು ತೊಟ್ಟುಕೊಂಡು ಭುಜ ಮುಟ್ಟಿ ನೋಡಿದ, ಅವಳ ಕಡೆ ತಿರುಗಿದ. ಅವಳು ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಅಂದಿನಿಂದ ಅವನು ಊರೆಲ್ಲ ಓರೆಯಾಗಿಯೇ ಓಡಾಡಿದ.

ಒಂದು ಸಂಜೆ ಅವನು ಅವಳ ಬೆನ್ನಿಗೆ ಹೇಳಿದ. "ಆ ಶಿಲ್ಪಿ ಅಂದ, ನಿನ್ನ ಎದುರಿಗೆ ಒಂದು ಮಗು ನಿಂತಿದೆ ಅಂದ್ಕೊ, ಅದರ ತಲೆ ಸವರು ಅಂತ. ನಾನು ಯಾವ ಮಗು ಅಂತ ಅಂದ್ಕೊಳ್ಳಲಿ, ಹೇಳು? ನಮ್ಮ ಪುಟ್ಟಿ ಅಂತಲೇ ಅಂದ್ಕೊಂಡೆ. ಅವಳ ಎತ್ತರಕ್ಕೇ ಕೈ ಇಟ್ಟು ನಿಂತಿದ್ದೆ. ಬೇಕಾದ್ರೆ ಹೋಗಿ ನೋಡು."

ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು.  ಏನಾದರೂ ಅನ್ನಬೇಕು ಎಂದು ಅನ್ನಿಸಿತ್ತು. ಇಷ್ಟು ಬೇಗ ಸೋಲಬಾರದು ಎಂದೂ ಅನ್ನಿಸಿತ್ತು. ಮುಂದಿನ ವಾರ ನೋಡೋಣ ಎಂದುಕೊಂಡಳು. ಆ ವಾರ ಬರುವ ಮೊದಲೇ, ಲಾರಿ ಖಾಲಿ ಮಾಡಿ ಮೂಟೆಯ ಮೇಲೆ ಕುಳಿತವನು ನೀರು ಕೇಳಿದನಂತೆ. ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಮೈಮೇಲೆ ಮಡಿಕೆಯಿಲ್ಲದ ಅಂಗಿ ಇತ್ತು.

ಅವನ ಫೋಟೋ ಎಂದು ಮನೆಯಲ್ಲಿ ಇದ್ದದ್ದು ಗುರುತಿನ ಚೀಟಿಯದೊಂದೇ, ಅದರಲ್ಲಿ ಕುತ್ತಿಗೆಯ ತನಕ ಮಾತ್ರ ಇದ್ದ. ಮುಖ ಇವಳ ಹತ್ತಿರ, ಮೈ ಪಾರ್ಕಿನಲ್ಲಿ. ಎಷ್ಟೋ ದಿನ ಆ ರಸ್ತೆಯನ್ನೇ ತಪ್ಪಿಸಿ ನಡೆದಳು. ಆಮೇಲೆ ಒಂದು ಬೆಳಿಗ್ಗೆ ಅಂಗಡಿಗೆ ಹೊರಟವಳು ಕಾಲು ಎಳೆದ ಕಡೆ ಹೋದಳು.

ಪೀಠ ಅವಳ ಸೊಂಟದೆತ್ತರ ಇತ್ತು. ಪೀಠದಿಂದ ಕಂಚಿನ ಅಂಗೈಯ ತನಕ ಗೇಣು ಹಾಕಿದಳು. ಪುಟ್ಟಿಯ ಕೊನೆಯ ಫ್ರಾಕಿನ ಅಳತೆಯನ್ನು ಅವಳ ಕೈ ಇನ್ನೂ ಮರೆತಿರಲಿಲ್ಲ. ಅದರ ಮೇಲೆ ಕುತ್ತಿಗೆ, ತಲೆ. ಅಂಗೈ ಸರಿಯಾಗಿ ಅಲ್ಲಿಗೇ ಬಂತು. ಅವನು ಸುಳ್ಳು ಹೇಳಿರಲಿಲ್ಲ. ಅವಳು ಆ ಸೊಟ್ಟ ಬೆರಳನ್ನು ಹಿಡಿದುಕೊಂಡು, ಮೇಲಿನ ಮುಖವನ್ನು ನೋಡದೆ, ಮನಸ್ಸಿಗೆ ತೃಪ್ತಿಯಾಗುವಷ್ಟು ಅತ್ತಳು. ಆಮೇಲೆ ದಿನವೂ ಹೋಗತೊಡಗಿದಳು. ಮುಖ ನೋಡದಿರುವುದು ಅಭ್ಯಾಸವಾಯಿತು. ನಿಂತಷ್ಟು ಹೊತ್ತು ಅವನ ಜೊತೆ ಮಾತಾಡುತ್ತಿದ್ದಳು, ಬಾಕಿ ಉಳಿಸಿಕೊಂಡಿದ್ದ ಮಾತನ್ನೆಲ್ಲ.

ಊರಿನಲ್ಲಿ ಕಣ್ಣುಗಳಿಗೆ ಬರವೇ? ಒಂದು ದಿನ ಟೈಲರ್ ಮಾಸ್ತರು ಪೇಪರು ಮುಂದೆ ಹಿಡಿದರು. "ಕಾಜಕ್ಕ, ದೊಡ್ಡ ಮನುಷ್ಯಳಾಗಿಬಿಟ್ಟೆಯಲ್ಲಮ್ಮ." ಕೈ ಹಿಡಿದು ತಲೆ ತಗ್ಗಿಸಿ ನಿಂತ ಅವಳ ಫೋಟೋ. ಕೆಳಗೆ, ಬಡವರ ಮನಸ್ಸಿನಲ್ಲಿ ಡಾಕ್ಟರು ಇಂದಿಗೂ ಜೀವಂತ ಎಂದು ಬರೆದಿತ್ತು.  ಮಗಳನ್ನು ಕಳೆದುಕೊಂಡಾಯಿತು, ಗಂಡನ ಮೈಯನ್ನೂ ಕೊಟ್ಟಾಯಿತು, ಈಗ ತನ್ನ ಕಣ್ಣೀರನ್ನೂ ಆ ಡಾಕ್ಟರ ಲೆಕ್ಕಕ್ಕೇ ಬರೆದುಕೊಳ್ಳುತ್ತಾರೆಯೇ? ಸೂಜಿ ಚುಚ್ಚಿಟ್ಟು ಪಾಲಿಕೆಯ ಕಚೇರಿಗೆ ನಡೆದಳು.

ಅಧಿಕಾರಿ ಒಳ್ಳೆಯವನೇ. ಫೋಟೋ ನೋಡಿದ್ದ, ಎದ್ದು ನಿಂತು ಕುರ್ಚಿ ಕೊಟ್ಟ.

"ಅದು ಡಾಕ್ಟರ ಕೈ ಅಲ್ಲ ಸ್ವಾಮಿ, ನಮ್ಮ ಯಜಮಾನರದು" ಎಂದಳು. "ಶಿಲ್ಪಿ ಅವರನ್ನೇ ನಿಲ್ಲಿಸಿಕೊಂಡು ಮಾಡಿದ್ದು. ಬೇಕಾದ್ರೆ ಶಿಲ್ಪಿಯನ್ನೇ ಕೇಳಿ."

"ಹಾಗಂತ ಹೇಗಮ್ಮ ಹೇಳ್ತೀರಿ? ಕೈ ಅಂದ್ಮೇಲೆ ಎಲ್ಲ ಒಂದೇ ಥರ."

"ಕಿರುಬೆರಳು ನೋಡಿ. ಪೆಟ್ಟಿಗೆ ಬಿದ್ದು ಸೊಟ್ಟ ಆಗಿದ್ದು. ಡಾಕ್ಟರ ಬೆರಳು ಹಾಗಿತ್ತಾ? ಅವರ ಮಗಳನ್ನ ಕೇಳಿ, ಅವರೇ ಹೇಳ್ತಾರೆ."

ಅಧಿಕಾರಿ ಪೇಪರನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಹೌದಲ್ಲ" ಎಂದ. "ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿಲ್ಲ ನೋಡಿ." ಭುಜದ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಫೋನು ಬಂತು. ವಿಚಾರಿಸುತ್ತೇವೆ ಎಂದು ಕೈ ಮುಗಿದು ಕಳಿಸಿಕೊಟ್ಟ.

ಆ ದಿನಗಳಷ್ಟು ಹಗುರಾದ ದಿನಗಳನ್ನು ಅವಳು ಬಹುಕಾಲದಿಂದ ಕಂಡಿರಲಿಲ್ಲ. ಪೀಠದ ಕಲ್ಲಿನಲ್ಲಿ ಡಾಕ್ಟರ ಹೆಸರಿನ ಕೆಳಗೆ ಅಂಗೈ ಅಗಲ ಜಾಗ ಖಾಲಿ ಇರುವುದನ್ನು ಅವಳು ಗಮನಿಸಿದ್ದಳು. ಗಂಡನ ಹೆಸರು ಸಣ್ಣ ಅಕ್ಷರದಲ್ಲಾದರೂ ಸರಿ, ಹಿಡಿಸುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಪ್ರತಿಮೆಯ ತೋಳಿಗೆ ಗೋಣಿಚೀಲ ಸುತ್ತಿದ್ದರು. ಕೆಲಸ ಶುರುವಾಗಿದೆ ಎಂದು ಮಾಸ್ತರಿಗೆ ಹೇಳಿದಳು. ಮಾಸ್ತರು ಅವಳ ಬೆನ್ನು ತಟ್ಟಿದರು.

ಗೋಣಿಚೀಲ ಬಿಚ್ಚಿದ ದಿನ ಅಧಿಕಾರಿಯೇ ಅಲ್ಲಿದ್ದ. ಶಿಲ್ಪಿಯೂ ಇದ್ದ, ಡಾಕ್ಟರ ಮಗಳೂ ಇದ್ದಳು. ಅಧಿಕಾರಿ ಇವಳನ್ನು ಗುರುತು ಹಿಡಿದು ಕರೆದ. "ಇವರೇ ಮೇಡಂ, ತಪ್ಪು ತೋರಿಸಿಕೊಟ್ಟವರು."

ಹೊಸ ಕೈ. ನೀಳವಾದ, ನುಣುಪಾದ ಬೆರಳುಗಳು. ಕಿರುಬೆರಳು ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಕಲ್ಲಿನ ಮೇಲೆ ಒಂದಕ್ಷರವೂ ಹೆಚ್ಚಾಗಿರಲಿಲ್ಲ. ಕೈಯನ್ನು ತುಸು ಮೇಲಕ್ಕೆ ಎತ್ತಿ ಕೂಡಿಸಿದ್ದರು, ಯಾರೂ ಜಗ್ಗದಂತೆ. ಅದರ ಕೆಳಗೆ ಪುಟ್ಟಿಯ ತಲೆ ಇನ್ನು ಸಿಗುತ್ತಿರಲಿಲ್ಲ.

ಡಾಕ್ಟರ ಮಗಳು ಇವಳ ಎರಡೂ ಕೈ ಹಿಡಿದುಕೊಂಡಳು. "ಅಪ್ಪನ ಕೈ ಹೀಗೇ ಇತ್ತು. ನೀವಲ್ಲದೆ ಇನ್ಯಾರು ಇಷ್ಟು ನೆನಪಿಟ್ಕೊಂಡಿರ್ತಾರೆ" ಎಂದಳು. ಮಾತಿನಲ್ಲಿ ಕಪಟವಿರಲಿಲ್ಲ. ಅದನ್ನೇ ಇವಳಿಗೆ ತಡೆದುಕೊಳ್ಳಲಾಗಲಿಲ್ಲ. ಕೈ ಬಿಡಿಸಿಕೊಂಡು ಶಿಲ್ಪಿಯ ಕಡೆ ತಿರುಗಿದಳು.

"ಹಳೇ ಕೈ ಎಲ್ಲಿ?"

"ಕರಗಿಸಿ ಹೊಸದಕ್ಕೇ ಹಾಕಿದ್ವಿ ಅಮ್ಮ" ಎಂದ ಶಿಲ್ಪಿ. ಅವನು ಅವಳ ಕಣ್ಣು ತಪ್ಪಿಸಿ ಪ್ರತಿಮೆಯನ್ನು ನೋಡುತ್ತ ನಿಂತ.

ಅಧಿಕಾರಿಗೆ ಉತ್ಸಾಹ ಇಳಿದಿರಲಿಲ್ಲ. "ಇನ್ನೇನಾದ್ರೂ ತಪ್ಪು ಕಾಣಿಸುತ್ತಾ ನೋಡಿ ಅಮ್ಮ. ಡಾಕ್ಟರನ್ನ ಅಷ್ಟು ಹತ್ತಿರದಿಂದ ನೋಡಿದವರು ನೀವು. ಇದ್ರೆ ಹೇಳಿ, ಈಗಲೇ ಸರಿ ಮಾಡಿಸಿಬಿಡೋಣ."

ಅವಳು ತಲೆಯೆತ್ತಿದಳು. ಕಂಚಿನ ಕೋಟಿನ ಬಲಭುಜ ಮಡಿಕೆಯಿಲ್ಲದೆ ಇಳಿದುಕೊಂಡಿತ್ತು.

"ಇಲ್ಲ ಸ್ವಾಮಿ" ಎಂದಳು. "ಎಲ್ಲ ಸರಿಯಾಗಿದೆ."